ಪ್ರತಿಭೆ ಎಂಬ ಸಾಲ

ಎಂಟನೇ ಸುತ್ತು ಮುಗಿಯಲು ಕೆಲವೇ ಸೆಕೆಂಡುಗಳಿದ್ದವು. ಮೈಕ್ ಟೈಸನ್‌ನ ಅಪ್ಪರ್‌ಕಟ್ ಗದ್ದಕ್ಕೆ ಬಿದ್ದು ಜೇಮ್ಸ್ ‘ಬಸ್ಟರ್’ ಡಗ್ಲಾಸ್ ರಿಂಗಿನಲ್ಲಿ ಅಂಗಾತ ಉರುಳಿದ. ಉರುಳಿದವನು ಎಡಗೈಯಿಂದ ನೆಲಕ್ಕೆ ಒಂದು ಗುದ್ದು ಗುದ್ದಿದ. ಅದು ನೋವಿನ ಗುದ್ದಾಗಿ ಕಾಣುವುದಿಲ್ಲ. ಚೆನ್ನಾಗಿ ಬರೆಯುತ್ತಿದ್ದ ಪರೀಕ್ಷೆಯಲ್ಲಿ ಗೊತ್ತಿರುವ ಲೆಕ್ಕವನ್ನೇ ತಪ್ಪು ಮಾಡಿದವನಿಗೆ ತನ್ನ ಮೇಲೆ ಬರುವ ಸಿಟ್ಟು ಅದು. ರೆಫರಿ ಒಂಬತ್ತು ಎಣಿಸುವಷ್ಟರಲ್ಲಿ ಅವನು ಎದ್ದು ನಿಂತಿದ್ದ.

ಅದು 1990ರ ಫೆಬ್ರವರಿ 11, ಟೋಕಿಯೊ ಡೋಮ್. ಆಗ ಟೈಸನ್‌ಗೆ 23 ವರ್ಷ. ಆಡಿದ 37 ಪಂದ್ಯಗಳಲ್ಲಿ ಒಂದನ್ನೂ ಸೋತಿರಲಿಲ್ಲ, 33 ಮಂದಿಯನ್ನು ನಾಕೌಟ್ ಮಾಡಿದ್ದ. ಬಾಜಿ ಕಟ್ಟಿಸಿಕೊಳ್ಳುವವರಲ್ಲಿ ಹೆಚ್ಚಿನವರು ಈ ಪಂದ್ಯವನ್ನು ಪಟ್ಟಿಗೇ ಸೇರಿಸಿರಲಿಲ್ಲ. ಲಾಸ್ ವೇಗಸ್‌ನ ಮಿರಾಜ್ ಕ್ಯಾಸಿನೊ ಕೊಟ್ಟ ದರ ಒಂದಕ್ಕೆ ನಲವತ್ತೆರಡು.

ಡಗ್ಲಾಸ್‌ಗೆ ಪ್ರತಿಭೆ ಇಲ್ಲವೆಂದು ಯಾರೂ ಹೇಳುತ್ತಿರಲಿಲ್ಲ. ಆರಡಿಗೂ ಮಿಕ್ಕಿದ ಎತ್ತರ, ಉದ್ದನೆಯ ತೋಳು, ಆ ಗಾತ್ರದವರಲ್ಲಿ ಅಪರೂಪವಾದ ಚುರುಕಾದ ಕೈ. ತಂದೆ ಬಿಲ್ ಡಗ್ಲಾಸ್ ಕೂಡ ಹೆಸರಾಂತ ಬಾಕ್ಸರ್. ಆದರೂ ಮಗ ನಾಲ್ಕು ಪಂದ್ಯ ಸೋತಿದ್ದ. 1987ರಲ್ಲಿ ಟೋನಿ ಟಕ್ಕರ್ ಎದುರು ವಿಶ್ವ ಪ್ರಶಸ್ತಿಯ ಪಂದ್ಯದಲ್ಲಿ ಸರಿಸಮನಾಗಿ ಆಡುತ್ತಾ ಬಂದು ಹತ್ತನೇ ಸುತ್ತಿನಲ್ಲಿ ಕುಸಿದಿದ್ದ. ಸೋಲಿಸಿದ್ದು ಎದುರಾಳಿಯಲ್ಲ, ಇವನೇ ಕೈಬಿಟ್ಟ ಎಂದು ಆಡಿಕೊಂಡರು. ಶಾಲೆಯ ಪ್ರಗತಿ ಪತ್ರದಲ್ಲಿ ಮೇಷ್ಟ್ರು ಬರೆಯುವ ಮಾತು ಅವನಿಗೂ ಅಂಟಿತು: ಬುದ್ಧಿವಂತ, ಆದರೆ ಶ್ರಮ ಸಾಲದು.

ಟೋಕಿಯೊ ಪಂದ್ಯಕ್ಕೆ ಸುಮಾರು ಮೂರು ವಾರ ಮೊದಲು ಅವನ ತಾಯಿ ಲೂಲಾ ಪರ್ಲ್ ತೀರಿಕೊಂಡರು. ಪಂದ್ಯದಿಂದ ಅವನು ಹಿಂದೆ ಸರಿಯಲಿಲ್ಲ. ಅಂದು ಮೊದಲ ಸುತ್ತಿನಿಂದಲೇ ಉದ್ದನೆಯ ಎಡಗೈ ಟೈಸನ್‌ನ ಮುಖದಿಂದ ಕದಲಲಿಲ್ಲ. ಒಳನುಗ್ಗಿ ಹೊಡೆಯುವುದೇ ಬಲವಾಗಿದ್ದ ಟೈಸನ್‌ಗೆ ಒಳಬರುವ ದಾರಿಯೇ ಮುಚ್ಚಿಹೋಯಿತು. ಅವನ ಎಡಗಣ್ಣು ಊದಿ ಮುಚ್ಚಿಕೊಳ್ಳತೊಡಗಿತು. ಅದನ್ನು ತಣಿಸುವ ಸಾಧನವೂ ಅವನ ಕಡೆಯವರ ಬಳಿ ಇರಲಿಲ್ಲ; ರಬ್ಬರ್ ಗ್ಲೌಸಿನಲ್ಲಿ ತಣ್ಣೀರು ತುಂಬಿ ಒತ್ತುತ್ತಿದ್ದರು. ಹತ್ತನೇ ಸುತ್ತಿನಲ್ಲಿ ಡಗ್ಲಾಸ್ ಒಂದು ಅಪ್ಪರ್‌ಕಟ್ ಹೊಡೆದು, ಅದರ ಬೆನ್ನಿಗೇ ಸಾಲಾಗಿ ಗುದ್ದಿದ. ವೃತ್ತಿಜೀವನದಲ್ಲಿ ಮೊದಲ ಸಲ ನೆಲಕ್ಕೆ ಬಿದ್ದ ಟೈಸನ್, ಜಾರಿಬಿದ್ದ ಮೌತ್‌ಗಾರ್ಡನ್ನು ತಡಕಾಡಿ ಬಾಯಿಗೆ ಸಿಕ್ಕಿಸಿಕೊಳ್ಳುತ್ತಿರುವಾಗಲೇ ಎಣಿಕೆ ಮುಗಿಯಿತು. ಹೇಗೆ ಗೆದ್ದೆ ಎಂದು ರಿಂಗಿನಲ್ಲೇ ಕೇಳಿದಾಗ ಡಗ್ಲಾಸ್ ತಾಯಿಯ ಹೆಸರೆತ್ತಿ ಅತ್ತುಬಿಟ್ಟ.

ಕತೆ ಇಲ್ಲಿಗೇ ನಿಂತಿದ್ದರೆ ಯಾವ ಪ್ರಶ್ನೆಯೂ ಏಳುತ್ತಿರಲಿಲ್ಲ. ಎಂಟು ತಿಂಗಳ ನಂತರ, ಅಕ್ಟೋಬರ್ 25ರಂದು, ಅವನು ಇವಾಂಡರ್ ಹೋಲಿಫೀಲ್ಡ್ ಎದುರು ನಿಂತ. ತೂಕ 246 ಪೌಂಡ್, ಟೋಕಿಯೊದಲ್ಲಿದ್ದುದಕ್ಕಿಂತ ಸುಮಾರು 15 ಪೌಂಡ್ ಹೆಚ್ಚು. ಮೂರನೇ ಸುತ್ತಿನಲ್ಲಿ ಒಂದು ಪೆಟ್ಟಿಗೆ ಬಿದ್ದವನು ಈ ಸಲ ಏಳಲಿಲ್ಲ. ಎರಡು ಕೋಟಿ ಡಾಲರಿಗೂ ಹೆಚ್ಚು ಹಣ ಪಡೆದು ಮನೆಗೆ ಹೋದ. ‘ಪ್ರತಿಭೆಯನ್ನು ಪೋಲು ಮಾಡಿದವನು’ ಎಂಬ ತೀರ್ಪು ಅಂದಿನಿಂದ ಅವನ ಬೆನ್ನಿಗಿದೆ.

ಈ ತೀರ್ಪಿನಲ್ಲಿ ಒಂದು ವಿಚಿತ್ರವಿದೆ. ಟೋಕಿಯೊದಲ್ಲಿ ಎಲ್ಲರೂ ಅಂದುಕೊಂಡಂತೆ ಅವನು ಎರಡನೇ ಸುತ್ತಿಗೇ ಸೋತಿದ್ದರೆ ಈ ಪರಿಯ ಆರೋಪ ಬರುತ್ತಿರಲಿಲ್ಲ. ಟೈಸನ್ ಕೈಲಿ ಸೋತ ಹತ್ತಾರು ಮಂದಿಯಲ್ಲಿ ಒಬ್ಬನಾಗಿ ಮರೆತುಹೋಗುತ್ತಿದ್ದ. ಒಂದು ದಿನ ಅಷ್ಟು ಎತ್ತರಕ್ಕೆ ಏರಿದ್ದರಿಂದಲೇ ಉಳಿದ ದಿನಗಳೆಲ್ಲ ಕೊರತೆಯಾಗಿ ಕಂಡವು. ಬದುಕಿನ ಅತ್ಯುತ್ತಮ ಕೆಲಸವೇ ಅವನ ವಿರುದ್ಧ ಸಾಕ್ಷಿಯಾಯಿತು.

ಪ್ರತಿಭೆ ಎಂದರೆ ಒಳಗೆಲ್ಲೋ ತುಂಬಿಟ್ಟ ಕಣಜ, ಬೇಕೆಂದಾಗ ಅಳೆದು ಕೊಡಬಹುದು ಎಂಬ ನಂಬಿಕೆ ಈ ತೀರ್ಪಿನ ಹಿಂದಿದೆ. ಕಾವ್ಯಮೀಮಾಂಸೆ ಓದಿದವರಿಗೆ ಇದು ಸರಿಯೆನಿಸಲಾರದು. ಕಾವ್ಯ ಹುಟ್ಟಲು ಶಕ್ತಿ, ನಿಪುಣತೆ, ಅಭ್ಯಾಸ ಬೇಕೆಂದ ಮಮ್ಮಟ, ಇವು ಮೂರು ಬೇರೆ ಬೇರೆ ಕಾರಣಗಳಲ್ಲ, ಕೂಡಿ ಒಂದೇ ಕಾರಣ ಎಂದ. ಕವಿಗೆ ಹೇಳಿದ್ದು ಬಾಕ್ಸರನಿಗೂ ಒಪ್ಪುತ್ತದೆ. ‘ಪ್ರತಿಭೆ ಇತ್ತು, ಶ್ರಮ ಇರಲಿಲ್ಲ’ ಎನ್ನುವಾಗ ಒಂದೇ ಆಗಿರಬೇಕಾದುದನ್ನು ಎರಡಾಗಿ ಸೀಳಿ, ಒಂದು ತುಂಡನ್ನು ಹೊಗಳಿ ಇನ್ನೊಂದನ್ನು ಬಯ್ಯುತ್ತೇವೆ. ಬೆಳಗಿನ ಜಾವ ಎದ್ದು ಓಡಬೇಕೆನಿಸುವುದು, ಬಿದ್ದಾಗ ಏಳಬೇಕೆನಿಸುವುದು ಕೂಡ ಪ್ರತಿಭೆಯ ಭಾಗವೇ. ಟೋಕಿಯೊದಲ್ಲಿ ಎಲ್ಲವೂ ಕೂಡಿ ಬಂದವು. ಕೂಡಿಸಿದ್ದರಲ್ಲಿ ತಾಯಿಯ ಸಾವಿಗೂ ಪಾಲಿತ್ತು. ಮತ್ತೆ ಹಾಗೆ ಯಾಕೆ ಆಡಲಿಲ್ಲ ಎಂದು ಕೇಳುವುದು, ಮತ್ತೊಮ್ಮೆ ಹಾಗೆ ಯಾಕೆ ದುಃಖಪಡಲಿಲ್ಲ ಎಂದು ಕೇಳಿದಂತೆಯೂ ಆಗಬಹುದು.

ಹಾಗಾದರೆ ಅವನದೇನೂ ತಪ್ಪಿಲ್ಲವೇ? ಇದೆ. ಹೋಲಿಫೀಲ್ಡ್ ಪಂದ್ಯಕ್ಕೆ ಅವನು ಸಹಿ ಹಾಕಿದ್ದ, ಹಣ ಒಪ್ಪಿಕೊಂಡಿದ್ದ. ಜನ ಟಿಕೆಟ್ ಕೊಂಡಿದ್ದರು, ಎದುರಾಳಿ ಸಿದ್ಧನಾಗಿ ಬಂದಿದ್ದ. ಸಿದ್ಧನಾಗದೆ ಬಂದದ್ದು ತಪ್ಪು. ಆದರೆ ಅದು ಕೊಟ್ಟ ಮಾತಿಗೆ ತಪ್ಪಿದ ತಪ್ಪು, ಪ್ರತಿಭೆಗೆ ತಪ್ಪಿದ್ದಲ್ಲ. ಅವನ ಜಾಗದಲ್ಲಿ ಪ್ರತಿಭೆಯೇ ಇಲ್ಲದ ಬಾಕ್ಸರ್ ಹಾಗೆ ಬಂದಿದ್ದರೂ ತಪ್ಪು ಅಷ್ಟೇ ಇರುತ್ತಿತ್ತು. ಮಾತು ಕೊಟ್ಟರೆ ಸಾಲ ಹುಟ್ಟುತ್ತದೆ. ಚುರುಕಾದ ಕೈಯೊಂದಿಗೆ ಹುಟ್ಟಿದ ಮಾತ್ರಕ್ಕೆ ಯಾರೂ ನಮಗೆ ಸಾಲಗಾರರಾಗುವುದಿಲ್ಲ. ಈ ಎರಡನ್ನು ನಾವು ಬೆರೆಸಿಬಿಡುತ್ತೇವೆ. ಮನೆಯಲ್ಲಿ ಚೆನ್ನಾಗಿ ಓದುವ ಮಗು, ಊರಿನಲ್ಲಿ ಒಂದೇ ಒಳ್ಳೆಯ ಕಾದಂಬರಿ ಬರೆದು ಸುಮ್ಮನಾದ ಲೇಖಕ, ಇಬ್ಬರ ಮುಂದೆಯೂ ಸಾಲದ ಪತ್ರ ಹಿಡಿದು ನಿಲ್ಲುತ್ತೇವೆ.

ಆ ಮೇಲೆ ಡಗ್ಲಾಸ್‌ನ ತೂಕ ವಿಪರೀತ ಏರಿತು. 1994ರಲ್ಲಿ ಸಕ್ಕರೆ ಕಾಯಿಲೆಯಿಂದ ಪ್ರಜ್ಞೆ ತಪ್ಪಿ ಸಾವಿನ ಅಂಚಿಗೆ ಹೋಗಿ ಬಂದ. ಎರಡು ವರ್ಷದ ನಂತರ ಮತ್ತೆ ರಿಂಗಿಗೆ ಇಳಿದ; ಆದರೆ ಟೋಕಿಯೊ ಮರಳಲಿಲ್ಲ. ನೋಡಿದವರಿಗೆ ಬೇಸರವಾಗುವುದು ಸಹಜ. ಇನ್ನಷ್ಟು ಸಿಕ್ಕಿದ್ದರೆ ಎಂಬ ಆಸೆಯಲ್ಲಿ ತಪ್ಪಿಲ್ಲ. ಆ ಆಸೆ ಹಕ್ಕಾಗಿ ಬದಲಾದಾಗ ಮಾತ್ರ, ಸಿಕ್ಕ ಒಂದನ್ನೂ ನಾವು ಸರಿಯಾಗಿ ನೋಡದೆ ಹೋಗುತ್ತೇವೆ.

ಮಾಡಬಲ್ಲದ್ದನ್ನು ಮಾಡದವನ ಮೇಲೆ ಸಿಟ್ಟಾಗುವ ಅಧಿಕಾರ ಒಬ್ಬನಿಗೆ ಮಾತ್ರ ಇತ್ತು. ಎಂಟನೇ ಸುತ್ತಿನ ಕೊನೆಯಲ್ಲಿ ಅಂಗಾತ ಬಿದ್ದಾಗ ನೆಲಕ್ಕೆ ಗುದ್ದಿ ಅವನು ಅದನ್ನು ಚಲಾಯಿಸಿದ, ಮತ್ತು ಎದ್ದು ನಿಂತ.