ಪೇಟೆಯಲ್ಲಿ ಭಕ್ತನ ನಡೆ

ಮನೆಯಲ್ಲಿ ಮದುವೆ ನಿಶ್ಚಯವಾಯಿತೆಂದರೆ ಗೃಹಸ್ಥನು ಚಿನಿವಾರ ಪೇಟೆಗೆ ಹೋಗಲೇಬೇಕು. ಅಲ್ಲಿ ಅವನ ನಡೆ ವಿಚಿತ್ರವಾದುದು. ಹಲಗೆಯ ಮೇಲೆ ಬರೆದ ಆ ದಿನದ ಚಿನ್ನದ ಧಾರಣೆಯನ್ನು ಅವನು ಮರುಮಾತಿಲ್ಲದೆ ಒಪ್ಪುತ್ತಾನೆ. 916 ಎಂಬ ಮುದ್ರೆಯನ್ನು ಕಂಡು, ಇದು 22 ಕ್ಯಾರೆಟ್ಟಿನದು, ಸಾವಿರದಲ್ಲಿ 916 ಭಾಗ ಅಪ್ಪಟ ಚಿನ್ನವೆಂದು ನಂಬುತ್ತಾನೆ. ಮಜೂರಿಯ ಮಾತು ಬಂದೊಡನೆ ಮಾತ್ರ ಅವನ ನಾಲಗೆ ಹರಿತವಾಗುತ್ತದೆ. ಲೋಹಕ್ಕಿಲ್ಲದ ಚೌಕಾಸಿ ಮನುಷ್ಯನ ಕೈಗೆ ಏಕೆ?

ಈ ಪ್ರಶ್ನೆ ಇನ್ನೂ ತೀಕ್ಷ್ಣವಾಗುವುದು ಬೀದರಿನಲ್ಲಿ. ಶರಣರು ನಡೆದಾಡಿದ ಕಲ್ಯಾಣವೂ ಅದೇ ಜಿಲ್ಲೆಯದು. ಚೌಬಾರದ ಸುತ್ತಣ ಹಳೆಯ ಪೇಟೆಯಲ್ಲಿ ಬಿದರಿ ಸಾಮಾನಿನ ಅಂಗಡಿಗಳುಂಟು. ಹೂದಾನಿ, ಡಬ್ಬಿ, ತಟ್ಟೆಗಳಲ್ಲದೆ ಕಿವಿಯೋಲೆ, ಪದಕಗಳೂ ಅಲ್ಲಿ ದೊರೆಯುತ್ತವೆ. ಹೆಚ್ಚು ಸತುವಿಗೆ ಅಲ್ಪ ತಾಮ್ರ ಕೂಡಿಸಿ, ಮರಳಿನ ಅಚ್ಚಿನಲ್ಲಿ ಎರಕ ಹೊಯ್ದು, ಅರದಿಂದ ಉಜ್ಜಿ, ಮೈಲುತುತ್ತದ ನೀರು ಬಳಿದು, ಅದರ ಮೇಲೆ ಉಕ್ಕಿನ ಮೊನೆಯಿಂದ ಬಳ್ಳಿ ಬರೆಯುತ್ತಾರೆ. ಆ ಗೆರೆಯನ್ನು ಉಳಿಯಿಂದ ತೋಡಿ ಬೆಳ್ಳಿಯ ತಂತಿಯನ್ನು ಕೂರಿಸಿ ಬಡಿಯುತ್ತಾರೆ. ಕೊನೆಗೆ ಕೋಟೆಯ ಹಳೆಯ ಮಣ್ಣಿಗೆ ನವಸಾಗರ ಬೆರೆಸಿದ ಬಿಸಿನೀರಿನ ಸಂಸ್ಕಾರ. ಸತುವಿನ ಮೈ ಕಾಡಿಗೆಗಪ್ಪಾಗುತ್ತದೆ, ಬೆಳ್ಳಿ ಹಾಗೆಯೇ ಬೆಳಗುತ್ತದೆ. ಮಣ್ಣಿನ ಗುಣವನ್ನು ನಾಲಗೆಯ ಮೇಲಿಟ್ಟು ಅರಿಯುವ ಕುಶಲಿಗಳಿದ್ದಾರೆ! 2006ರಲ್ಲಿ ಈ ಕಲೆಗೆ ಭೌಗೋಳಿಕ ಗುರುತು ದೊರೆಯಿತು. 2023ರಲ್ಲಿ ಬೀದರಿನ ಶಾಹ್ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ಸಂದಿತು.

ಇಂತಹ ಡಬ್ಬಿಯ ಬೆಲೆಯನ್ನು ಅರ್ಧಕ್ಕೆ ಕೇಳಿದವನು ಯಾವುದನ್ನು ಅರ್ಧ ಮಾಡಿದನು? ಸತುವು ಅಗ್ಗದ ಲೋಹ, ಬೆಳ್ಳಿಯೋ ಎಳೆಯಷ್ಟು. ಉಳಿದುದೆಲ್ಲ ಒಬ್ಬನ ಕಣ್ಣು, ಬೆನ್ನು, ದಿನಗಳು. ಅರ್ಧವಾಗುವುದು ಅವೇ.

ಗೃಹಸ್ಥನ ಕೈಯೂ ಬಿಗಿ, ವ್ಯಾಪಾರಿ ಹೇಳುವ ಬೆಲೆಯೆಲ್ಲ ನ್ಯಾಯವಲ್ಲ, ಮಿತವ್ಯಯವೂ ಸದ್ಗುಣವೇ ಎಂದು ಕೆಲವರು ಹೇಳಬಹುದು. ನಿಜ. ವ್ಯಾಪಾರಿಯ ಅತಿಲಾಭವನ್ನು ಪ್ರಶ್ನಿಸುವುದು ತಪ್ಪಲ್ಲ. ಆದರೆ ಅಂಗಡಿಯಲ್ಲಿ ಕಡಿತವಾದ ಹಣವನ್ನು ವ್ಯಾಪಾರಿಯು ತಾನೇ ಹೊರುವುದು ಅಪರೂಪ. ಮುಂದಿನ ಸಲ ಸಾಮಾನು ತರಿಸುವಾಗ, ಎದುರಿಗಿಲ್ಲದ ಕೆಲಸಗಾರನ ಕೂಲಿಯಲ್ಲಿ ಅದನ್ನು ಮುರಿದುಕೊಳ್ಳುತ್ತಾನೆ. ಹಾಗೆ ಉಳಿಸಿದ ನೂರು ರೂಪಾಯಿಯನ್ನು ಜಾತ್ರೆಯ ದಿನ ದಾಸೋಹಕ್ಕೆ ಅರ್ಪಿಸಿದರೆ, ಅರ್ಪಿಸಿದವನು ಯಾರು? ಹಣ ಭಕ್ತನ ಕೈಯಿಂದ ಬಂದಿತೆಂಬುದು ದಿಟ. ಅದು ಅವನ ಕಾಯಕದಿಂದ ಬಂದುದೆಂದು ಹೇಳುವುದು ಕಷ್ಟ.

ಬೀದರಿನಲ್ಲಿ ಒಂದು ಅನುಕೂಲವುಂಟು. ಹಲವು ಅಂಗಡಿಗಳ ಬೆನ್ನಿಗೇ ಕೆಲಸದ ಕೋಣೆಯಿದ್ದು, ಉಳಿಯ ಸದ್ದು ಕೇಳಿಸುತ್ತದೆ. ಬೆಲೆ ಎಷ್ಟೆಂದು ಕೇಳುವ ಮೊದಲು, ಎಷ್ಟು ದಿನ ಹಿಡಿಯಿತೆಂದು ಒಳಗೆ ಕುಳಿತವರನ್ನು ಕೇಳಬಹುದು.