ವಿರುದ್ಧರಾಜ್ಯಾತಿಕ್ರಮವೂ ಪಾಲಿಕೆಯ ನಿರೀಕ್ಷಕನೂ

ಅಚೌರ್ಯಾಣುವ್ರತಕ್ಕೆ ತತ್ತ್ವಾರ್ಥಸೂತ್ರವು ಹೇಳುವ ಐದು ಅತಿಚಾರಗಳಲ್ಲಿ ಮೂರನೆಯದು ವಿರುದ್ಧರಾಜ್ಯಾತಿಕ್ರಮ. ಕಳ್ಳತನಕ್ಕೆ ಪ್ರೇರಣೆ ನೀಡುವುದು, ಕದ್ದ ಮಾಲನ್ನು ಕೊಳ್ಳುವುದು, ತೂಕ ಅಳತೆಗಳಲ್ಲಿ ಹೆಚ್ಚು ಕಡಿಮೆ ಮಾಡುವುದು, ಒಳ್ಳೆಯ ಸರಕಿನಲ್ಲಿ ಕೀಳು ಸರಕನ್ನು ಬೆರೆಸುವುದು ಇವುಗಳ ನಡುವೆ ರಾಜ್ಯದ ಕಟ್ಟಳೆಯನ್ನು ಮೀರಿ ಲಾಭ ಪಡೆಯುವುದನ್ನೂ ಆಚಾರ್ಯರು ಸೇರಿಸಿದ್ದಾರೆ. ಪೇಟೆಯಲ್ಲಿ ಕುಳಿತ ಗೃಹಸ್ಥನಿಗೆ ಉಳಿದ ನಾಲ್ಕರ ಅರ್ಥವನ್ನು ಯಾರೂ ವಿವರಿಸಬೇಕಾಗಿಲ್ಲ. ತಕ್ಕಡಿಯ ಮುಳ್ಳು ಓಲಿದರೆ ಮನಸ್ಸಿಗೆ ಚುಚ್ಚುತ್ತದೆ. ಆದರೆ ಮೂರನೆಯದನ್ನು ಓದುವಾಗ ಹಳೆಯ ಕಾಲದ ಗಡಿಯ ಸುಂಕದ ಕಟ್ಟೆ ಕಣ್ಣ ಮುಂದೆ ಬರುತ್ತದೆಯೇ ಹೊರತು ತನ್ನ ಅಂಗಡಿಯ ನೆಲಮಾಳಿಗೆ ಬರುವುದಿಲ್ಲ. ವಾಹನ ನಿಲುಗಡೆಗೆಂದು ನಕ್ಷೆಯಲ್ಲಿ ತೋರಿಸಿ ಅನುಮತಿ ಪಡೆದ ಆ ನೆಲಮಾಳಿಗೆಯಲ್ಲಿ ಇಂದು ಸರಕಿನ ಪೆಟ್ಟಿಗೆಗಳಿರುವುದು ಅದೇ ಅತಿಚಾರವೆಂದು ಹೇಳಿದರೆ ಕೇಳುವವರಿಗೆ ಆಶ್ಚರ್ಯವಾಗುತ್ತದೆ.

ಆ ನೆಲಮಾಳಿಗೆಯ ಬಾಗಿಲಿಗೆ ಬಂದು ನಿಲ್ಲುವವನು ಪಾಲಿಕೆಯ ನಿರೀಕ್ಷಕ. ಕಟ್ಟಡಗಳ ಸಂಬಂಧದಲ್ಲಿ ಕಿರಿಯ ಅಭಿಯಂತರ, ಅಂಗಡಿ, ಹೋಟೆಲು, ಕಸದ ಸಂಬಂಧದಲ್ಲಿ ಆರೋಗ್ಯ ನಿರೀಕ್ಷಕ, ತೆರಿಗೆಯ ಸಂಬಂಧದಲ್ಲಿ ಕಂದಾಯ ನಿರೀಕ್ಷಕ. ಹೆಸರು ಬೇರೆಯಾದರೂ ಕೆಲಸ ಒಂದೇ: ಬರೆದ ನಿಯಮಕ್ಕೂ ಬದುಕುವ ಬೀದಿಗೂ ನಡುವೆ ನಿಂತು, ಮೀರಿದವನಿಗೆ ನೋಟೀಸು ಕೊಡುವುದು, ದಂಡ ವಿಧಿಸುವುದು, ಕೊನೆಗೆ ಕೆಡವಿಸುವುದು. ಸಮಾಜದ ಯುವಕರು ಈಗ ಇಂತಹ ಹುದ್ದೆಗಳಿಗೂ ಸ್ಪರ್ಧಾ ಪರೀಕ್ಷೆ ಬರೆಯುತ್ತಿದ್ದಾರೆ. ಅವರ ಹಿರಿಯರಲ್ಲಿ ಒಂದು ಸಂಕೋಚವಿದೆ. ಒಬ್ಬರ ಗೋಡೆಯನ್ನು ಒಡೆಸುವ, ಇನ್ನೊಬ್ಬರ ತಳ್ಳುಗಾಡಿಯನ್ನು ಲಾರಿಗೆ ಹೇರಿಸುವ ಕೆಲಸವು ಅಹಿಂಸಾಣುವ್ರತಿಗೆ ಒಪ್ಪುವುದೇ ಎಂಬುದು ಆ ಸಂಕೋಚ. ಅದನ್ನು ಅಲ್ಲಗಳೆಯದೆ ವಿಚಾರಿಸುವುದು ಯೋಗ್ಯ.

ವೃತ್ತಿಯ ದೃಷ್ಟಿಯಿಂದ ಉತ್ತರ ಕಠಿಣವಲ್ಲ. ಆದಿನಾಥ ಸ್ವಾಮಿಯು ಪ್ರಜೆಗಳಿಗೆ ಬೋಧಿಸಿದ ಷಟ್ಕರ್ಮಗಳಲ್ಲಿ ಅಸಿಯೇ ಮೊದಲನೆಯದು, ಮಸಿ ಎರಡನೆಯದು. ಗಂಗರ ಮಂತ್ರಿಯೂ ಸೇನಾನಿಯೂ ಆಗಿದ್ದ ಚಾವುಂಡರಾಯ, ಹೊಯ್ಸಳರ ದಂಡನಾಯಕ ಗಂಗರಾಜ ಇವರು ರಾಜಕಾರ್ಯವನ್ನು ಬಿಟ್ಟು ಶ್ರಾವಕರಾದವರಲ್ಲ, ಅದರೊಳಗಿದ್ದೇ ಶ್ರಾವಕರಾದವರು. ಸೋಮದೇವಸೂರಿಯಂತಹ ಮುನಿಯೇ ನೀತಿವಾಕ್ಯಾಮೃತದಲ್ಲಿ ದಂಡನೀತಿಯನ್ನು ಬರೆದಿರುವಾಗ, ದಂಡವೆಂಬುದು ಜೈನ ಗೃಹಸ್ಥನಿಗೆ ಅಸ್ಪೃಶ್ಯವೆನ್ನಲು ಬರುವುದಿಲ್ಲ. ಪಾಲಿಕೆಯ ನಿರೀಕ್ಷಕನದು ಹೆಚ್ಚು ಭಾಗ ಮಸಿಯ ಕೆಲಸ. ಅಸಿಯ ಅಂಶ ಅಲ್ಪ, ಅದೂ ಕಡತದ ಕೊನೆಯ ಪುಟದಲ್ಲಿ. ಶ್ರಾವಕಾಚಾರಗಳು ನಿಷೇಧಿಸುವ ಖರಕರ್ಮಗಳ ಪಟ್ಟಿಯಲ್ಲಿ ಇಂತಹ ಸೇವೆಯ ಹೆಸರಿಲ್ಲ. ಆದುದರಿಂದ ಪ್ರಶ್ನೆಯಿರುವುದು ವೃತ್ತಿಯಲ್ಲಲ್ಲ, ವೃತ್ತಿಯ ದಿನಚರಿಯಲ್ಲಿ.

ನಿಯಮವೇ ಏಕೆ ಬೇಕು ಎಂಬಲ್ಲಿಂದ ಆರಂಭಿಸಬೇಕು. ಕಟ್ಟಡದ ಸುತ್ತ ಇಷ್ಟು ಅಡಿ ತೆರವು ಬಿಡಬೇಕು, ಮೆಟ್ಟಿಲಿನ ಅಗಲ ಇಷ್ಟಿರಬೇಕು, ಇಷ್ಟೇ ಮಹಡಿ ಏರಿಸಬೇಕು ಎಂಬ ಉಪವಿಧಿಗಳು ವರ್ತಕನಿಗೆ ಜಾಗದ ನಷ್ಟವಾಗಿ ಮಾತ್ರ ಕಾಣುತ್ತವೆ. 1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 59 ಜನ ಸತ್ತರು. ಹೆಚ್ಚುವರಿ ಆಸನಗಳನ್ನು ಹಾಕಲು ಹೊರಹೋಗುವ ದಾರಿಯನ್ನು ಮುಚ್ಚಲಾಗಿತ್ತು. 2010ರ ಫೆಬ್ರುವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನ ಬೆಂಕಿಯಲ್ಲಿ 9 ಜನರ ಪ್ರಾಣ ಹೋಯಿತು. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಕಟ್ಟಡವೇ ಕುಸಿದು 19 ಜನ ತೀರಿಕೊಂಡರು. 2024ರ ಅಕ್ಟೋಬರ್ 22ರಂದು ಬೆಂಗಳೂರಿನ ಬಾಬುಸಾಪಾಳ್ಯದಲ್ಲಿ ಕುಸಿದ ಕಟ್ಟಡದಡಿ 9 ಕಾರ್ಮಿಕರು ಸತ್ತರು. ಅದು ಅನುಮತಿ ಮೀರಿದ ನಿರ್ಮಾಣವೆಂದು ಸರ್ಕಾರವೇ ಹೇಳಿತು. ಹಿಂಸೆಯ ಲಕ್ಷಣದಲ್ಲಿ ಶಾಸ್ತ್ರವು ಮೊದಲು ಇಟ್ಟಿರುವ ಶಬ್ದ ಪ್ರಮಾದ. ಕೊಲ್ಲುವ ಇಚ್ಛೆ ಮಾಲೀಕನಿಗಿರಲಿಲ್ಲ, ನಿರೀಕ್ಷಕನಿಗೂ ಇರುವುದಿಲ್ಲ. ಆದರೆ ಅಳೆಯಬೇಕಾದ ದಿನ ಅಳೆಯದೆ ಸಹಿ ಮಾಡಿದ ಕೈಯಲ್ಲಿ ಪ್ರಮತ್ತಯೋಗವಿದೆ. ಕೆಡವಿಸಿದರೆ ಮಾತ್ರ ಹಿಂಸೆ, ಕಣ್ಣು ಮುಚ್ಚಿದರೆ ದಯೆ ಎಂಬ ಲೋಕರೂಢಿಯ ಎಣಿಕೆ ಇಲ್ಲಿ ಬುಡಮೇಲಾಗುತ್ತದೆ.

ಹಾಗೆಂದು ಕೆಡವಿಸುವುದೆಲ್ಲ ನಿರ್ದೋಷವೆಂದಲ್ಲ. ಮೀನು ಸಿಗದೆ ಹಿಂದಿರುಗಿದ ಬೆಸ್ತನಿಗೆ ಪಾಪವುಂಟು, ಉಳುವಾಗ ಜೀವ ಸತ್ತರೂ ರೈತನಿಗೆ ಅಷ್ಟು ಪಾಪವಿಲ್ಲ ಎಂಬ ಪೂರ್ವಾಚಾರ್ಯರ ದೃಷ್ಟಾಂತ ಎಲ್ಲರಿಗೂ ತಿಳಿದದ್ದೇ. ಭಾವವೇ ಪ್ರಧಾನ. ಆದರೆ ಭಾವವೆಂಬುದು ಒಳಗಿನ ಮಾತು. ಹೊರಗೆ ಅದಕ್ಕೆ ಒಂದು ರೂಪ ಬೇಕು. ಮುನಿಗೆ ಆ ರೂಪವು ಸಮಿತಿಗಳಲ್ಲಿದೆ, ನಾಲ್ಕು ಮೊಳ ಮುಂದೆ ನೋಡಿ ಹೆಜ್ಜೆಯಿಡುವುದರಲ್ಲಿದೆ. ಅಧಿಕಾರಿಗೆ ಅದು ನೋಟೀಸಿನಲ್ಲಿದೆ ಎನ್ನಬಹುದು. 1976ರ ಕರ್ನಾಟಕ ಮುನಿಸಿಪಲ್ ಕಾರ್ಪೊರೇಷನ್ ಕಾಯಿದೆಯ 321ನೆಯ ಪ್ರಕರಣವು ಒಮ್ಮೆಗೇ ಕೆಡವಲು ಹೇಳುವುದಿಲ್ಲ. ಮೊದಲು ತಾತ್ಕಾಲಿಕ ಆದೇಶ, ಅದರೊಡನೆ ಕಾರಣ ಕೇಳುವ ನೋಟೀಸು, ಉತ್ತರವನ್ನು ನೋಡಿದ ಮೇಲೆ ಸ್ಥಿರೀಕರಣ. ಸರ್ವೋಚ್ಚ ನ್ಯಾಯಾಲಯವು 2024ರ ನವೆಂಬರ್ 13ರಂದು ಕೊಟ್ಟ ತೀರ್ಪು ಇನ್ನೂ ಬಿಗಿಯಾದದ್ದು. ಕನಿಷ್ಠ 15 ದಿನಗಳ ನೋಟೀಸು, ಖುದ್ದು ಅಹವಾಲಿಗೆ ಅವಕಾಶ, ಕಾರಣ ಬರೆದ ಆದೇಶ, ಆದೇಶವಾದ ಮೇಲೂ 15 ದಿನಗಳ ಕಾಲಾವಕಾಶ, ಕೆಡವುವಾಗ ಚಿತ್ರೀಕರಣ ಇವೆಲ್ಲ ಕಡ್ಡಾಯ. ತಪ್ಪಿದರೆ ಅಧಿಕಾರಿಯೇ ತನ್ನ ಕೈಯಿಂದ ನಷ್ಟ ತುಂಬಬೇಕು. ರಸ್ತೆ, ಕಾಲುದಾರಿ, ರೈಲುಹಳಿಯ ಪಕ್ಕ, ಜಲಮೂಲಗಳಂತಹ ಸಾರ್ವಜನಿಕ ಸ್ಥಳದ ಒತ್ತುವರಿಗೆ ಮಾತ್ರ ಈ ರಕ್ಷಣೆಯಿಲ್ಲ. ನ್ಯಾಯಾಧೀಶರು ಜೈನಶಾಸ್ತ್ರವನ್ನು ನೋಡಿ ಬರೆದದ್ದಲ್ಲ. ಆದರೂ ಯತ್ನಾಚಾರವೆಂಬ ಶಬ್ದಕ್ಕೆ ಕಚೇರಿಯ ಭಾಷೆಯಲ್ಲಿ ಇದಕ್ಕಿಂತ ಒಳ್ಳೆಯ ವಿವರಣೆ ಸಿಗಲಾರದು.

ಅತ್ಯಂತ ಕಠಿಣವಾದ ಸಂದರ್ಭ ದೊಡ್ಡ ಕಟ್ಟಡದ್ದಲ್ಲ, ಬೀದಿಯ ಬದಿಯ ತಳ್ಳುಗಾಡಿಯದು. ಬೆಳಗಿನ ಜಾವ ಸಗಟು ಮಾರುಕಟ್ಟೆಯಿಂದ ಸಾಲಕ್ಕೆ ತಂದ ಟೊಮೆಟೊ, ಸೊಪ್ಪು ಸಂಜೆಯೊಳಗೆ ಮಾರಾಟವಾಗದಿದ್ದರೆ ಅವಳಿಗೆ ಮರುದಿನದ ಬಂಡವಾಳವಿಲ್ಲ. ವಾಹನ ಬಂದು ನಿಂತ ಐದು ನಿಮಿಷದಲ್ಲಿ ತಕ್ಕಡಿ ಒಂದು ಕಡೆ, ಬುಟ್ಟಿ ಒಂದು ಕಡೆ. ಕಾಲ್ತುಳಿತಕ್ಕೆ ಸಿಕ್ಕಿದ ಸೊಪ್ಪಿನಲ್ಲಿ ಏಕೇಂದ್ರಿಯ ಜೀವವನ್ನು ಕಾಣಬಲ್ಲ ಜೈನನು ಆ ಹೆಂಗಸಿನ ಮುಖದಲ್ಲಿ ಪಂಚೇಂದ್ರಿಯ ಜೀವವನ್ನು ಕಾಣದಿದ್ದರೆ ಅವನ ದಯೆಯ ಲೆಕ್ಕ ತಲೆಕೆಳಗಾಗಿದೆ. ಮುಂಬಯಿಯ ಪಾದಚಾರಿ ಮಾರ್ಗಗಳ ನಿವಾಸಿಗಳ ಪ್ರಕರಣದಲ್ಲಿ, 1985ರಲ್ಲಿಯೇ, ಜೀವಿಸುವ ಹಕ್ಕಿನಲ್ಲಿ ಜೀವನೋಪಾಯದ ಹಕ್ಕೂ ಅಡಗಿದೆ ಎಂದು ಸರ್ವೋಚ್ಚ ನ್ಯಾಯಾಲಯ ಹೇಳಿತು. 2014ರ ಬೀದಿ ವ್ಯಾಪಾರಿಗಳ ಕಾಯಿದೆಯು ಸಮೀಕ್ಷೆ ಮುಗಿಯುವವರೆಗೆ ಯಾರನ್ನೂ ಎಬ್ಬಿಸಬಾರದೆಂದೂ, ಎಬ್ಬಿಸುವುದಾದರೆ 30 ದಿನಗಳ ನೋಟೀಸು ಕೊಡಬೇಕೆಂದೂ ಹೇಳುತ್ತದೆ. ಜಪ್ತಿ ಮಾಡಿದ ಸರಕಿಗೆ ಪಟ್ಟಿ ಬರೆದು ಸಹಿ ಮಾಡಿ ಕೊಡಬೇಕು. ಕೇಳಿಕೊಂಡು ಬಂದರೆ, ಕೆಡದ ಸರಕನ್ನು ಎರಡು ಕೆಲಸದ ದಿನಗಳೊಳಗೆ, ಕೆಡುವ ಸರಕನ್ನು ಅದೇ ದಿನ ಹಿಂದಿರುಗಿಸಬೇಕು. ಈ ‘ಅದೇ ದಿನ’ ಎಂಬ ಎರಡು ಶಬ್ದಗಳಲ್ಲಿ ಕಾನೂನು ಬರೆದವರ ಕರುಣೆಯಿದೆ. ಆದರೆ ಪಟ್ಟಿ ಬರೆಯುವ ಪುಸ್ತಕವೇ ವಾಹನದಲ್ಲಿರದಿದ್ದರೆ ಆ ಕರುಣೆ ಬೀದಿಯನ್ನು ಮುಟ್ಟುವುದು ಹೇಗೆ? ಆ ಪುಸ್ತಕವನ್ನು ಜೊತೆಗೊಯ್ಯುವುದೂ, ಸೊಪ್ಪಿನ ಕಟ್ಟುಗಳನ್ನು ಎಣಿಸಿ ಬರೆಯುವುದೂ, ಸಂಜೆ ಅವಳು ಬಂದಾಗ ಕಚೇರಿಯಲ್ಲಿ ಇರುವುದೂ ಅಧಿಕಾರಿಯ ಕೈಯಲ್ಲಿರುವ ಅಹಿಂಸೆ. ಅಣುವ್ರತದ ‘ಅಣು’ ಇಷ್ಟು ಸಣ್ಣದಾಗಿಯೂ ಇರಬಹುದು.

ಬಡವಳ ಗಾಡಿಯ ಮೇಲೆ ಐದು ನಿಮಿಷದಲ್ಲಿ ಬೀಳುವ ಕಾನೂನು ಬಹುಮಹಡಿಯ ಮೇಲೆ ವರ್ಷಗಟ್ಟಲೆ ಬೀಳದಿರುವುದು ಊರಿಗೆಲ್ಲ ಗೊತ್ತು. ವಾಸದ ಕಟ್ಟಡಗಳಲ್ಲಿ ನೂರಕ್ಕೆ 50ರವರೆಗೆ, ಇತರ ಕಟ್ಟಡಗಳಲ್ಲಿ ನೂರಕ್ಕೆ 25ರವರೆಗೆ ಆದ ಉಲ್ಲಂಘನೆಯನ್ನು ಶುಲ್ಕ ಪಡೆದು ಸಕ್ರಮಗೊಳಿಸುವ ಯೋಜನೆಯನ್ನು ರಾಜ್ಯದ ಉಚ್ಚ ನ್ಯಾಯಾಲಯ 2016ರ ಡಿಸೆಂಬರಿನಲ್ಲಿ ಎತ್ತಿಹಿಡಿಯಿತು. 2017ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಅದಕ್ಕೆ ತಡೆ ನೀಡಿತು. ಅಕ್ರಮವನ್ನು ಸಕ್ರಮ ಮಾಡುವುದು ರಾಜ್ಯಕ್ಕೆ ಸಾಧ್ಯವಾದರೂ ಅತಿಚಾರವನ್ನು ಶುಲ್ಕದಿಂದ ತೊಳೆಯಲು ಶಾಸ್ತ್ರದಲ್ಲಿ ಅವಕಾಶವಿಲ್ಲ; ಅಲ್ಲಿರುವುದು ಆಲೋಚನೆ, ಪ್ರತಿಕ್ರಮಣ, ಪ್ರಾಯಶ್ಚಿತ್ತ.

ಇಲ್ಲಿಗೆ ಬಂದಾಗ ವಿಚಾರವು ಅಧಿಕಾರಿಯನ್ನು ಬಿಟ್ಟು ಗೃಹಸ್ಥನ ಕಡೆ ತಿರುಗಲೇಬೇಕು. ಕರ್ಮಾಸ್ರವಕ್ಕೆ ಕೃತ, ಕಾರಿತ, ಅನುಮೋದಿತ ಎಂಬ ಮೂರು ದ್ವಾರಗಳು. ಗೋಡೆಯನ್ನು ಒಡೆಯುವವನು ಯಂತ್ರದ ಚಾಲಕ, ಒಡೆಸುವವನು ಅಧಿಕಾರಿ. ವ್ಯಾಪಾರದ ಪೈಪೋಟಿಯಿಂದ ಪಕ್ಕದ ಅಂಗಡಿಯ ಮೇಲೆ ದೂರು ಬರೆದು, ದೂರದಲ್ಲಿ ನಿಂತು ಸಂತೋಷಪಡುವವನು ಮೂರನೆಯ ದ್ವಾರದಲ್ಲಿದ್ದಾನೆ. ಹಾಗೆಯೇ ನಿರೀಕ್ಷಕನು ಕಣ್ಣು ಮುಚ್ಚಲೆಂದು ಕೊಡುವ ಹಣ. ಅವನ ಲೋಭವನ್ನು ಸಮಾಜ ಧಾರಾಳವಾಗಿ ನಿಂದಿಸುತ್ತದೆ. ಆ ಲೋಭಕ್ಕೆ ಪ್ರತಿ ತಿಂಗಳೂ ನೀರೆರೆಯುವ ಕೈ ಯಾರದು? ಅಂಗಡಿಯ ಖಾತೆಯಲ್ಲಿ ಅದು ‘ಇತರ ಖರ್ಚು’ ಎಂಬ ತಲೆಬರಹದಡಿ ಕೂರುತ್ತದೆ. ಬಾಯಿಮಾತಿನಲ್ಲಿ ಅದಕ್ಕೆ ‘ಮಾಮೂಲು’ ಎಂಬ ಸೌಮ್ಯವಾದ ಹೆಸರು. ಸತ್ಯಾಣುವ್ರತವು ಖಾತೆಯ ತಲೆಬರಹಕ್ಕೂ ಅನ್ವಯಿಸುತ್ತದೆಂಬುದನ್ನು ಪ್ರತಿ ದೀಪಾವಳಿಗೆ ಹೊಸ ಲೆಕ್ಕದ ಪುಸ್ತಕ ಪೂಜಿಸುವವರಿಗೆ ಹೇಳಬೇಕಾಗಿಲ್ಲ. ಭ್ರಷ್ಟಾಚಾರ ತಡೆ ಕಾಯಿದೆಗೆ 2018ರಲ್ಲಿ ಆದ ತಿದ್ದುಪಡಿಯ ಮೇಲೆ ಲಂಚ ಕೊಟ್ಟವನೂ ಅಪರಾಧಿಯೇ. ಬಲವಂತಕ್ಕೆ ಸಿಕ್ಕಿ ಕೊಟ್ಟವನು 7 ದಿನಗಳೊಳಗೆ ಸಂಬಂಧಪಟ್ಟವರಿಗೆ ವರದಿ ಮಾಡಿದರೆ ಮಾತ್ರ ಪಾರು. ಬಲವಂತಕ್ಕೂ ಅನುಕೂಲಕ್ಕೂ ಇರುವ ಅಂತರವನ್ನು ಕಾನೂನು ಏಳು ದಿನಗಳಲ್ಲಿ ಅಳೆಯುತ್ತದೆ; ಕೊಟ್ಟವನ ಮನಸ್ಸಿಗೆ ಅದು ಕೊಡುವಾಗಲೇ ತಿಳಿದಿರುತ್ತದೆ.

ಇನ್ನೊಂದು ವಿಷಯವನ್ನು ಹೇಳದೆ ಬಿಡುವುದು ಪ್ರಾಮಾಣಿಕವಲ್ಲ. ಪರ್ಯೂಷಣದ ಕಾಲದಲ್ಲಿ 9 ದಿನ ಕಸಾಯಿಖಾನೆಗಳನ್ನು ಮುಚ್ಚಿಸಿದ ಅಹಮದಾಬಾದು ಪಾಲಿಕೆಯ ನಿರ್ಣಯವನ್ನು ಸರ್ವೋಚ್ಚ ನ್ಯಾಯಾಲಯ 2008ರ ಮಾರ್ಚ್ 14ರಂದು ಎತ್ತಿಹಿಡಿಯಿತು. ಬೆಂಗಳೂರಿನಲ್ಲಿಯೂ ಮಹಾವೀರ ಜಯಂತಿಯಂದು ಪ್ರಾಣಿವಧೆ, ಮಾಂಸ ಮಾರಾಟಗಳನ್ನು ನಿಷೇಧಿಸುವ ಆದೇಶವನ್ನು ಪಾಲಿಕೆ ಹೊರಡಿಸುತ್ತ ಬಂದಿದೆ. ಸಮಾಜದ ಸಂಘಗಳು ಇದನ್ನು ಕೋರಿ ಮನವಿ ಸಲ್ಲಿಸುತ್ತವೆ, ಕೋರುವುದು ಸರಿಯೇ. ಆದರೆ ಆ ಆದೇಶವನ್ನು ಹಿಡಿದು ಮಾಂಸದಂಗಡಿಯ ಮುಂದೆ ನಿಲ್ಲುವವನೂ ಅದೇ ಆರೋಗ್ಯ ನಿರೀಕ್ಷಕ. ಒಂದು ದಿನದ ಗಳಿಕೆಯನ್ನು ಕಳೆದುಕೊಳ್ಳುವ ಅನ್ಯಮತೀಯನು ಪಾಲಿಕೆಯ ಕಾಗದಕ್ಕೆ ತಲೆಬಾಗಿ ಬಾಗಿಲೆಳೆಯುತ್ತಾನೆ. ಮರುವಾರ ಅದೇ ನಿರೀಕ್ಷಕನು ಏಕಬಳಕೆ ಪ್ಲಾಸ್ಟಿಕ್ಕಿನ ನಿಷೇಧದ ಕಾಗದ ಹಿಡಿದು ಜೈನನ ಸಗಟು ಅಂಗಡಿಗೆ ಬಂದಾಗ ದೂರವಾಣಿಯಲ್ಲಿ ಶಾಸಕರನ್ನು ಹುಡುಕಿದರೆ, ಆ ಮಾಂಸದಂಗಡಿಯವನು ಅಹಿಂಸೆಯ ವಿಷಯದಲ್ಲಿ ಏನು ತಿಳಿದುಕೊಂಡಾನು? 2022ರ ಜುಲೈ 1ರಿಂದ ದೇಶದಾದ್ಯಂತ ಜಾರಿಯಲ್ಲಿರುವ ಆ ನಿಷೇಧವಂತೂ, ಕಸದ ರಾಶಿಯಲ್ಲಿ ಚೀಲ ನುಂಗುವ ದನಗಳನ್ನು ಕಂಡವರಿಗೆ, ಜೀವದಯೆಯ ಕಟ್ಟಳೆಯೇ.

ಬಸದಿಗಳ ಟ್ರಸ್ಟುಗಳಿಗೂ ಇದು ಹೊರತಲ್ಲ. ಸಾರ್ವಜನಿಕ ಸ್ಥಳಗಳಲ್ಲಿ ಹೊಸದಾಗಿ ಅನಧಿಕೃತ ಪೂಜಾಸ್ಥಳ ಏಳಬಾರದೆಂದು ಸರ್ವೋಚ್ಚ ನ್ಯಾಯಾಲಯ 2009ರ ಸೆಪ್ಟೆಂಬರ್ 29ರಂದು ಆದೇಶಿಸಿತು. 2021ರಲ್ಲಿ ನಂಜನಗೂಡು ತಾಲ್ಲೂಕಿನ ದೇವಾಲಯವೊಂದನ್ನು ಕೆಡವಿದ ಮೇಲೆ ರಾಜ್ಯವು ತಂದ ಧಾರ್ಮಿಕ ಕಟ್ಟಡಗಳ ರಕ್ಷಣಾ ಕಾಯಿದೆಯು ಅಂದಿಗೆ ಇದ್ದುದಕ್ಕೆ ಆಶ್ರಯ ಕೊಟ್ಟಿತೇ ಹೊರತು ಮುಂದೆ ಕಟ್ಟುವುದಕ್ಕಲ್ಲ. ಯಾತ್ರಿನಿವಾಸ, ಕಲ್ಯಾಣಮಂಟಪ, ತ್ಯಾಗಿಭವನ ಇವುಗಳ ನಕ್ಷೆ ಮಂಜೂರಾಗಿದೆಯೇ, ಎರಡನೆಯ ಮೆಟ್ಟಿಲು ಇದೆಯೇ ಎಂಬ ಪ್ರಶ್ನೆಯನ್ನು ವಾರ್ಷಿಕ ಸಭೆಯಲ್ಲಿ ಲೆಕ್ಕಪರಿಶೋಧನೆಯ ವರದಿಯ ಜೊತೆಗೇ ಕೇಳಬೇಕಾಗಿದೆ. ಪಂಚಕಲ್ಯಾಣಕ್ಕೆ ಸೇರುವ ಸಾವಿರಾರು ಜನರು ಅದೇ ಮೆಟ್ಟಿಲನ್ನು ಇಳಿಯಬೇಕು.

ಆ ನಕ್ಷೆ ಸಮಾಜದವನೇ ಆದ ಕಿರಿಯ ಅಭಿಯಂತರನ ಮೇಜಿಗೆ ಬರುವ ಸಂದರ್ಭವೂ ಉಂಟು. ತೆರವಿನಲ್ಲಿ ಮೂರಡಿ ಕಡಿಮೆಯಿದೆ. ಟ್ರಸ್ಟಿನ ಅಧ್ಯಕ್ಷರು ಅವನ ಸೋದರಮಾವ. ಧರ್ಮಕಾರ್ಯವೆಂಬ ಮಾತು ಮನೆಯಲ್ಲಿ ಆಗಲೇ ಎದ್ದಿದೆ. ಅವನು ಆ ಕಡತವನ್ನು ಬೇರೊಬ್ಬ ಅಧಿಕಾರಿಗೆ ಒಪ್ಪಿಸುವಂತೆ, ಸಂಬಂಧದ ಕಾರಣವನ್ನು ಮುಚ್ಚಿಡದೆ, ಮೇಲಧಿಕಾರಿಗೆ ಬರೆದುಕೊಡಬಹುದು. ಹಾಗೆ ಬರೆದುಕೊಟ್ಟ ವಾರ ಟ್ರಸ್ಟಿನ ಸಭೆಯಲ್ಲಿ ಅವನ ತಂದೆಗೆ ಎಂದಿನ ಜಾಗದಲ್ಲಿಯೇ ಕುರ್ಚಿ ಇರಬೇಕು.