ನೆಲ ಮುಟ್ಟಿದ ಮರುಕ್ಷಣ

ಕ್ರಿಕೆಟ್ಟಿನಲ್ಲಿ ಹಾಫ್ ವಾಲಿ ಎಂದರೆ ಬೌಲರ್ ಕೊಟ್ಟ ಉಡುಗೊರೆ. ಬ್ಯಾಟ್ಸ್‌ಮನ್ನನ ಕಾಲ ಬುಡದಲ್ಲಿ ಬಿದ್ದ ಚೆಂಡು ತಲೆ ಎತ್ತುವ ಮೊದಲೇ ಬ್ಯಾಟಿಗೆ ಸಿಕ್ಕಿ, ಕವರ್ ಕಡೆಯ ಬೌಂಡರಿಗೆ ಹರಿದುಹೋಗುತ್ತದೆ. ಟೆನಿಸ್ಸಿನಲ್ಲಿ ಅದೇ ಹೆಸರಿನ ಹೊಡೆತ ಒಂದು ಇಕ್ಕಟ್ಟು. ನೆಟ್ಟಿನ ಕಡೆಗೆ ಓಡಿಬರುತ್ತಿರುವವನ ಪಾದದ ಹತ್ತಿರಕ್ಕೆ ಎದುರಾಳಿ ಚೆಂಡನ್ನು ಇಳಿಸುತ್ತಾನೆ. ಗಾಳಿಯಲ್ಲೇ ಹೊಡೆಯೋಣವೆಂದರೆ ಅದು ಆಗಲೇ ನೆಲ ಮುಟ್ಟುತ್ತಿದೆ. ಪುಟಿದು ಮೇಲೆ ಬರಲಿ ಎಂದು ಕಾಯೋಣವೆಂದರೆ ಹಿಂದೆ ಸರಿಯಲು ಹೊತ್ತಿಲ್ಲ. ರಗ್ಬಿಯಲ್ಲಿ ಇದಕ್ಕೆ ಮೂರನೆಯ ರೂಪವಿದೆ, ಡ್ರಾಪ್ ಕಿಕ್. ಅಲ್ಲಿ ಆಟಗಾರ ಕೈಯಲ್ಲಿರುವ ಚೆಂಡನ್ನು ತಾನೇ ನೆಲಕ್ಕೆ ಬಿಟ್ಟು, ಅದು ಮುಟ್ಟಿ ಏಳುವಾಗ ಒದೆಯುತ್ತಾನೆ. ನೆಲ ಮುಟ್ಟಿಸದೆ ಒದ್ದ ಚೆಂಡು ಕಂಬಗಳ ನಡುವೆ ಹೋದರೂ ಅಂಕವಿಲ್ಲ.

ಚೆಂಡು ನೆಲ ಮುಟ್ಟಿದ ಮರುಕ್ಷಣ ಒಬ್ಬನಿಗೆ ವರ, ಇನ್ನೊಬ್ಬನಿಗೆ ಸಂಕಟ, ಮತ್ತೊಬ್ಬನಿಗೆ ಅವನದೇ ಆಯ್ಕೆ. ಈ ಹೊಡೆತದ ಬಗ್ಗೆ ನಾನು ಯೋಚಿಸುತ್ತ ಬಂದಿರುವುದಕ್ಕೆ ಆಟದ ಆಚೆಗೂ ಒಂದು ಕಾರಣವಿದೆ. ನಾಲ್ಕು ಜನ ಕೂತ ಕಡೆ ಒಂದು ಕೆಟ್ಟ ಮಾತು ಬೀಳುತ್ತದೆ. ಯಾರದೋ ಮೈಬಣ್ಣದ ಬಗ್ಗೆ, ಜಾತಿಯ ಬಗ್ಗೆ, ಉಚ್ಚಾರಣೆಯ ಬಗ್ಗೆ. ಅದಕ್ಕೆ ಯಾವಾಗ ಉತ್ತರ ಕೊಡಬೇಕು? ಏನು ಉತ್ತರ ಎನ್ನುವುದನ್ನು ನಾವು ಬೇಕಾದಷ್ಟು ಚರ್ಚಿಸುತ್ತೇವೆ. ಯಾವಾಗ ಎನ್ನುವುದು ಕೂಡ ನೀತಿಯ ಪ್ರಶ್ನೆಯೇ ಎಂಬುದು ಅಷ್ಟಾಗಿ ನಮ್ಮ ಗಮನಕ್ಕೆ ಬರುವುದಿಲ್ಲ.

ನಮ್ಮ ಗಾದೆಗಳು ಸಾಮಾನ್ಯವಾಗಿ ಕಾಯುವವರ ಪರ. ತಾಳಿದವನು ಬಾಳಿಯಾನು. ಆತುರಗಾರನಿಗೆ ಬುದ್ಧಿ ಮಟ್ಟ. ಸಿಟ್ಟು ಬಂದರೆ ಹತ್ತರವರೆಗೆ ಎಣಿಸು ಎಂದು ಮನೆಯ ಹಿರಿಯರು ಹೇಳುತ್ತಾರೆ. ಇವೆಲ್ಲ ನಿಜವೇ. ಆದರೆ ಕಾಯುವಾಗ ಚೆಂಡಿಗೆ ಏನಾಗುತ್ತದೆ ಎಂಬುದನ್ನು ಈ ಮಾತುಗಳು ಹೇಳುವುದಿಲ್ಲ. ಅದನ್ನು ತಿಳಿಯಲು ಆಟದ ಮೈದಾನಕ್ಕೇ ಹೋಗಬೇಕು.

ಟೆನಿಸ್ ಚೆಂಡೊಂದನ್ನು ಸಿಮೆಂಟಿನಂಥ ಗಟ್ಟಿ ನೆಲದ ಮೇಲೆ 254 ಸೆಂಟಿಮೀಟರ್ ಎತ್ತರದಿಂದ ಬಿಟ್ಟರೆ ಅದು 135ರಿಂದ 147 ಸೆಂಟಿಮೀಟರಿನಷ್ಟು ಪುಟಿಯಬೇಕು ಎಂಬುದು ಅಂತರರಾಷ್ಟ್ರೀಯ ನಿಯಮ. ಅಂದರೆ ಎಲ್ಲ ಸರಿಯಾಗಿರುವ ಚೆಂಡು ಕೂಡ ಬಿದ್ದ ಎತ್ತರಕ್ಕೆ ಮತ್ತೆ ಏರುವುದಿಲ್ಲ. ನೆಲ ಅದರಿಂದ ಸ್ವಲ್ಪ ಕಿತ್ತುಕೊಳ್ಳುತ್ತದೆ, ತನ್ನದನ್ನು ಸ್ವಲ್ಪ ಸೇರಿಸುತ್ತದೆ. ಹುಲ್ಲಿನ ಅಂಕಣದಲ್ಲಿ ಚೆಂಡು ಜಾರಿ ತಗ್ಗಿನಲ್ಲೇ ಬರುತ್ತದೆ, ಮಣ್ಣಿನ ಅಂಕಣದಲ್ಲಿ ನಿಧಾನವಾಗಿ ಎತ್ತರಕ್ಕೆ ಏಳುತ್ತದೆ. ಎಸೆದವನು ಎಸೆದದ್ದು ಒಂದು, ನಮ್ಮ ಕೈಗೆ ಬರುವುದು ಇನ್ನೊಂದು. ನಡುವೆ ನೆಲವಿದೆ.

1993ರ ಜೂನ್ 4ರಂದು ಓಲ್ಡ್ ಟ್ರಾಫರ್ಡ್‌ನಲ್ಲಿ ಶೇನ್ ವಾರ್ನ್ ಎಸೆದ ಚೆಂಡು ಮೈಕ್ ಗ್ಯಾಟಿಂಗ್ ಅವರ ಲೆಗ್ ಸ್ಟಂಪಿನ ಆಚೆ ಬಿತ್ತು. ನೆಲ ಮುಟ್ಟಿದ ಮೇಲೆ ಅದು ತಿರುಗಿದ ತಿರುವಿಗೆ ಆಫ್ ಸ್ಟಂಪಿನ ಮೇಲಿನ ಬೇಲ್ ಹಾರಿತು. ಅನುಭವಿ ಬ್ಯಾಟ್ಸ್‌ಮನ್ ಆಗಿದ್ದ ಗ್ಯಾಟಿಂಗ್ ಏನಾಯಿತೆಂದು ತಿಳಿಯದೆ ನಿಂತೇ ಇದ್ದರು. ಎಂಟು ವರ್ಷಗಳ ನಂತರ, 2001ರ ಮಾರ್ಚಿನಲ್ಲಿ, ಕೋಲ್ಕತ್ತದಲ್ಲಿ ಅದೇ ವಾರ್ನ್ ಒರಟಾದ ನೆಲಕ್ಕೆ ಗುರಿಯಿಟ್ಟು ಬೌಲ್ ಮಾಡಿದಾಗ ವಿ.ವಿ.ಎಸ್. ಲಕ್ಷ್ಮಣ್ ಮುಂದೆ ನಡೆದುಬಂದು, ಚೆಂಡು ಬಿದ್ದಲ್ಲಿಗೇ ಬ್ಯಾಟನ್ನು ಒಯ್ದು, ತಿರುವಿಗೆ ಎದುರಾಗಿಯೇ ಹೊಡೆದರು. ಅವರು ಗಳಿಸಿದ್ದು 281. ವಾರ್ನ್ ಅವರ ಬೆರಳು, ಮಣಿಕಟ್ಟು ಎಲ್ಲವೂ ಇದ್ದವು. ತಿರುಗಲು ಚೆಂಡಿಗೆ ಬೇಕಾದ ಜಾಗವನ್ನು ಮಾತ್ರ ಲಕ್ಷ್ಮಣ್ ಕೊಡಲಿಲ್ಲ.

ಸ್ಪಿನ್ ಆಡುವುದನ್ನು ಕಲಿಸುವವರು ಹುಡುಗರಿಗೆ ಹೇಳುವ ಮೊದಲ ಪಾಠವೂ ಇದೇ: ಚೆಂಡು ಬೀಳುವ ಜಾಗಕ್ಕೆ ಹೋಗಿ ಮುಟ್ಟು, ಇಲ್ಲವೇ ಪೂರ್ತಿ ಹಿಂದೆ ಹೋಗಿ ಅದು ತಿರುಗಿ ಮುಗಿಯುವವರೆಗೆ ನೋಡು. ಎರಡರ ನಡುವೆ ಮಾತ್ರ ನಿಲ್ಲಬೇಡ. ಬೆಂಗಳೂರಿನ ಎರಪಳ್ಳಿ ಪ್ರಸನ್ನ 49 ಟೆಸ್ಟುಗಳಲ್ಲಿ ಪಡೆದ 189 ವಿಕೆಟ್ಟುಗಳ ಹಿಂದೆ ಬ್ಯಾಟ್ಸ್‌ಮನ್ನನನ್ನು ಈ ನಡುವಿನ ಜಾಗಕ್ಕೆ ತಂದು ನಿಲ್ಲಿಸುವ ಕಲೆಯಿತ್ತು. ಅವರು ಗಾಳಿಯಲ್ಲಿ ತೇಲಿಬಿಟ್ಟ ಚೆಂಡು ‘ಬಾ, ನಾನು ಹಾಫ್ ವಾಲಿ’ ಎಂದು ಕರೆಯುತ್ತಿತ್ತು. ಬ್ಯಾಟ್ಸ್‌ಮನ್ ನಂಬಿ ಮುಂದೆ ಬಂದರೆ ಅವನೆಣಿಸಿದ್ದಕ್ಕಿಂತ ಮೊದಲೇ ಇಳಿದು, ಅವನ ಬ್ಯಾಟು ತಲುಪದಷ್ಟು ದೂರದಲ್ಲಿ ಬೀಳುತ್ತಿತ್ತು.

ಮಾತುಗಳಿಗೂ ನೆಲವಿದೆ. ಅವು ಬೀಳುವ ಸಭೆಯೇ ಆ ನೆಲ. ಇದನ್ನು ನಾನು ಒಂದು ಕಾಲೇಜಿನ ವಿಚಾರ ಸಂಕಿರಣದಲ್ಲಿ ಕಣ್ಣಾರೆ ಕಂಡಿದ್ದೇನೆ. ಹಳ್ಳಿಯಿಂದ ಬಂದಿದ್ದ ವಿದ್ಯಾರ್ಥಿನಿಯೊಬ್ಬಳು ರಾಗಿ ಬೀಸುವ ಪದಗಳ ಮೇಲೆ ತಾನೇ ಬರೆದ ಪ್ರಬಂಧ ಓದುತ್ತಿದ್ದಳು. ಪದಗಳನ್ನು ಅವಳು ತನ್ನ ಅಜ್ಜಿಯಿಂದಲೇ ಸಂಗ್ರಹಿಸಿದ್ದಳು. ‘ಎಣ್ಣುಮಕ್ಕಳು ಆಡಿದ ಆಡುಗಳು’ ಎಂದು ಅವಳು ಓದಿದ್ದೇ ತಡ, ಹಿಂದಿನ ಸಾಲಿನಿಂದ ಒಬ್ಬ ಅದೇ ದನಿಯಲ್ಲಿ ‘ಆಡುಗಳು!’ ಎಂದ. ಪಕ್ಕದಲ್ಲಿ ಎರಡು ಮೂರು ಜನ ಕಿಸಕ್ಕೆಂದರು. ಹಕಾರ ಅಕಾರವಾದದ್ದಕ್ಕೆ ನಗುವುದು ಕನ್ನಡದಲ್ಲಿ ಎಷ್ಟು ಹಳೆಯ ಕ್ರೌರ್ಯ ಎಂದು ನಿಮಗೂ ಗೊತ್ತು. ಅದು ಬರೀ ಉಚ್ಚಾರಣೆಗೆ ನಗುವ ನಗು ಅಲ್ಲ. ನೀನು ಯಾವ ಕೇರಿಯವಳು, ನಿನ್ನ ಮನೆಯಲ್ಲಿ ಎಷ್ಟು ತಲೆಮಾರು ಓದಿದೆ ಎಂದು ಕೇಳುವ ನಗು.

ಆ ನಗು ಇನ್ನೂ ಇಡೀ ಸಭೆಯದಾಗಿರಲಿಲ್ಲ. ಬಿದ್ದಿತ್ತು, ಏಳುವುದರಲ್ಲಿತ್ತು. ಅಷ್ಟರಲ್ಲಿ ಮುಂದಿನ ಸಾಲಿನಲ್ಲಿ ಪೆನ್ನು ಹಿಡಿದು ಕೂತಿದ್ದ ಇನ್ನೊಬ್ಬ ವಿದ್ಯಾರ್ಥಿನಿ, ಕೂತಲ್ಲಿಂದಲೇ, ಹಿಂದಕ್ಕೆ ತಿರುಗಿ ಕೂಡ ನೋಡದೆ, ‘ಆ ಪದದ ಎರಡನೇ ಸಾಲು ಬರ್ಕೊಳ್ಳೋದು ತಪ್ಪಿಹೋಯ್ತು, ಇನ್ನೊಂದ್ಸಲ ಹೇಳ್ತೀರಾ?’ ಎಂದಳು. ಓದುತ್ತಿದ್ದವಳು ಮತ್ತೆ ಹೇಳಿದಳು, ಮತ್ತೆ ‘ಎಣ್ಣುಮಕ್ಕಳು’ ಎಂದೇ. ಈ ಸಲ ಯಾರೂ ನಗಲಿಲ್ಲ. ನಾಲ್ಕಾರು ಜನ ತಾವೂ ಬರೆದುಕೊಂಡರು.

ಕತೆ ಅಲ್ಲಿಗೇ ಮುಗಿಯಲಿಲ್ಲ. ಸಂಜೆ ವಂದನಾರ್ಪಣೆಗೆ ನಿಂತ ಹಿರಿಯರೊಬ್ಬರು ಬೆಳಗಿನ ಪ್ರಸಂಗವನ್ನು ಎತ್ತಿಕೊಂಡು, ಗ್ರಾಮ್ಯ ಭಾಷೆಯ ಹಿರಿಮೆಯ ಬಗ್ಗೆ ಹತ್ತು ನಿಮಿಷ ಮಾತಾಡಿದರು. ಒಳ್ಳೆಯ ಮನಸ್ಸಿನಿಂದಲೇ ಆಡಿದ ಮಾತು. ಒಂದೊಂದು ವಾಕ್ಯವೂ ಸರಿಯಾಗಿತ್ತು. ಆದರೆ ಮಾತಿನ ಉದ್ದಕ್ಕೂ ಎಲ್ಲರ ಕಣ್ಣು ಆ ಹುಡುಗಿಯ ಮೇಲೇ ಇತ್ತು, ಅವಳು ತಲೆ ತಗ್ಗಿಸಿ ಕೂತಿದ್ದಳು. ಬೆಳಗ್ಗೆ ನಗದೇ ಇದ್ದವರಿಗೂ ಸಂಜೆಯ ಹೊತ್ತಿಗೆ ಅವಳು ‘ಹಕಾರ ಬಾರದ ಹುಡುಗಿ’ ಆಗಿದ್ದಳು.

ಈ ಎರಡು ಉತ್ತರಗಳ ವ್ಯತ್ಯಾಸ ಹೊತ್ತಿನದು ಮಾತ್ರವಲ್ಲ, ಹೊಡೆತದ ರೀತಿಯದೂ ಹೌದು. ಟೆನಿಸ್ಸಿನ ಹಾಫ್ ವಾಲಿಗೆ ರ‍್ಯಾಕೆಟ್ಟನ್ನು ಹಿಂದಕ್ಕೆ ಎಳೆದು ಬೀಸುವ ಅವಕಾಶವೇ ಇಲ್ಲ. ಮೊಣಕಾಲು ಬಗ್ಗಿಸಿ, ಮಣಿಕಟ್ಟು ಗಟ್ಟಿ ಮಾಡಿ, ರ‍್ಯಾಕೆಟ್ಟನ್ನು ಚೆಂಡು ಬಿದ್ದ ಜಾಗಕ್ಕೇ ಇಳಿಸಿ ಒಡ್ಡಬೇಕು. ವೇಗವನ್ನು ಚೆಂಡೇ ತಂದಿರುತ್ತದೆ. 2015ರ ಆಗಸ್ಟಿನಲ್ಲಿ ಸಿನ್ಸಿನಾಟಿಯಲ್ಲಿ ರೋಜರ್ ಫೆಡರರ್ ಎದುರಾಳಿಯ ಎರಡನೇ ಸರ್ವಿಗೆ ಇದ್ದಕ್ಕಿದ್ದಂತೆ ಮುಂದೆ ಓಡಿ, ಚೆಂಡು ನೆಲದಿಂದ ಏಳುತ್ತಿದ್ದಂತೆಯೇ ಅದನ್ನು ಮರಳಿಸತೊಡಗಿದರು. ಬೇರೆಯವರು ಸಿಕ್ಕಿಬೀಳುವ ಇಕ್ಕಟ್ಟಿಗೆ ಅವರು ತಾವಾಗಿಯೇ ನಡೆದುಹೋದರು. ಎದುರಾಳಿಗೆ ಇದು ಅಗೌರವ ಎಂದು ಕೆಲವರು ಆಕ್ಷೇಪಿಸಿದರು. ಆದರೆ ಆ ಹೊಡೆತವನ್ನು ನೋಡಿದರೆ ಅದರಲ್ಲಿ ಅಬ್ಬರವೇ ಇರಲಿಲ್ಲ, ಬರೀ ಒಂದು ಒಡ್ಡುವಿಕೆ. ನಮ್ಮ ಕೊಡಗಿನ ರೋಹನ್ ಬೋಪಣ್ಣ 2024ರ ಜನವರಿಯಲ್ಲಿ, 43ನೇ ವಯಸ್ಸಿನಲ್ಲಿ, ಮ್ಯಾಥ್ಯೂ ಎಬ್ಡೆನ್ ಜೊತೆ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದರು. ಡಬಲ್ಸ್‌ನಲ್ಲಿ ನೆಟ್ಟಿನ ಬಳಿ ನಿಂತವನ ಪಾದಕ್ಕೇ ಎದುರಾಳಿಗಳು ಗುರಿಯಿಡುತ್ತಾರೆ. ತಮ್ಮ ಮೊಣಕಾಲುಗಳ ಮೃದ್ವಸ್ಥಿ ಸವೆದುಹೋಗಿದೆ ಎಂದು ಹೇಳಿಕೊಂಡ ಆಟಗಾರ ಆ ವಯಸ್ಸಿನಲ್ಲೂ ಬಗ್ಗಬೇಕಿತ್ತು. ಮೇಲೆ ನಿಂತುಕೊಂಡು ಆಡುವ ಹೊಡೆತ ಇದಲ್ಲ.

ಮುಂದಿನ ಸಾಲಿನ ಹುಡುಗಿ ಬೀಸಲಿಲ್ಲ. ಅಣಕಿಸಿದವನಿಗೆ ಬುದ್ಧಿ ಹೇಳಲಿಲ್ಲ, ಅವನು ಎಂಥವನು ಎಂದು ತೀರ್ಪು ಕೊಡಲಿಲ್ಲ, ತಾನು ಎಷ್ಟು ಒಳ್ಳೆಯವಳು ಎಂದು ತೋರಿಸಲೂ ಇಲ್ಲ. ಆ ಪದ ಬರೆದುಕೊಳ್ಳಲು ಯೋಗ್ಯವಾದದ್ದು ಎಂಬುದನ್ನಷ್ಟೇ ಅವಳ ಪೆನ್ನು ಹೇಳಿತು. ಸಂಜೆಯ ಭಾಷಣದಲ್ಲಿ ಹಿಂದಕ್ಕೆಳೆದ ಬ್ಯಾಟು ಬಹಳ ಉದ್ದವಾಗಿತ್ತು. ಅದು ಬೀಸಿ ಬರುವಷ್ಟರಲ್ಲಿ ಚೆಂಡು ಅಲ್ಲಿರಲಿಲ್ಲ, ಹುಡುಗಿ ಇದ್ದಳು.

ಇಲ್ಲೊಂದು ಆಕ್ಷೇಪ ಬರುತ್ತದೆ. ಪೂರ್ತಿ ತಿಳಿಯುವ ಮೊದಲೇ ಪ್ರತಿಕ್ರಿಯಿಸುವುದೇ ಅಲ್ಲವೇ ಇವತ್ತಿನ ರೋಗ? ಎದುರಿನವರ ವಾಕ್ಯ ಮುಗಿಯುವ ಮೊದಲೇ ನಾವು ಉತ್ತರ ಟೈಪು ಮಾಡುತ್ತಿರುತ್ತೇವೆ. ಹೌದು, ಆದರೆ ಅದು ವಾಲಿ, ಹಾಫ್ ವಾಲಿ ಅಲ್ಲ. ವಾಲಿಯಲ್ಲಿ ಚೆಂಡು ನೆಲ ಮುಟ್ಟುವುದೇ ಇಲ್ಲ. ಟೇಬಲ್ ಟೆನಿಸ್ಸಿನಲ್ಲಿ ಹಾಗೆ ಹೊಡೆಯುವುದು ತಪ್ಪು. ನಿಮ್ಮ ಕಡೆಯ ಮೇಜಿನ ಮೇಲೆ ಚೆಂಡು ಒಮ್ಮೆ ಬಿದ್ದೇ ತೀರಬೇಕು. ರಗ್ಬಿಯವರೂ ನೆಲ ಮುಟ್ಟಿಸದ ಒದೆತಕ್ಕೆ ಅಂಕ ಕೊಡುವುದಿಲ್ಲ. ನಾನು ಹೇಳುತ್ತಿರುವ ಉತ್ತರ ಬಿದ್ದದ್ದಕ್ಕೆ ಮಾತ್ರ. ಆಡಿದವನ ಮನಸ್ಸಿನಲ್ಲಿ ಏನಿತ್ತು, ಅವನ ಉದ್ದೇಶ ಏನು ಎಂಬುದು ಗೊತ್ತಾಗಲು ದಿನಗಳೇ ಬೇಕು, ಅದಕ್ಕೆ ಕಾಯೋಣ. ಆದರೆ ಎರಡನೇ ಸಾಲನ್ನು ಇನ್ನೊಮ್ಮೆ ಹೇಳಿ ಎಂದು ಕೇಳಲು ಯಾರ ಉದ್ದೇಶವನ್ನೂ ತಿಳಿಯಬೇಕಾಗಿಲ್ಲ.

ಇನ್ನೊಂದು ಆಕ್ಷೇಪ ಇದಕ್ಕಿಂತ ಭಾರವಾದದ್ದು. ಅವಮಾನವಾದವರಿಗೆ ‘ತಕ್ಷಣ ಉತ್ತರಿಸಬೇಕಿತ್ತು’ ಎಂದು ಹೇಳುವುದೇ ಇನ್ನೊಂದು ಅವಮಾನ. ವೇದಿಕೆಯ ಮೇಲೆ ನಿಂತವಳಿಗೆ ಆ ಕ್ಷಣದಲ್ಲಿ ಗಂಟಲು ಕಟ್ಟಿರುತ್ತದೆ. ಅವಳು ಅಂದೇ ಉತ್ತರಿಸಬಹುದು, ಹತ್ತು ವರ್ಷದ ನಂತರ ಒಂದು ಪುಸ್ತಕ ಬರೆದು ಉತ್ತರಿಸಬಹುದು, ಉತ್ತರವೇ ಕೊಡದೆ ಇರಬಹುದು. ಹಿಂಗಾಲಿನ ಮೇಲೆ ಹೋಗಿ, ಚೆಂಡು ತಿರುಗುವುದನ್ನೆಲ್ಲ ನೋಡಿ, ತನಗೆ ಬೇಕಾದಾಗ ಆಡುವ ಹಕ್ಕು ಅವಳದು. ಪೆಟ್ಟು ತಿಂದವರಿಗೆ ಎಲ್ಲ ಕಾಲವೂ ಇದೆ. ಕಾಲ ಇಲ್ಲದಿರುವುದು ಪಕ್ಕದಲ್ಲಿ ಕೂತವರಿಗೆ.

ನನಗೆ ಮುಖ್ಯವಾಗಿ ಹೇಳಬೇಕೆನಿಸಿದ್ದು ಇದೇ. ನಾವು ಸಾಮಾನ್ಯವಾಗಿ ಇದನ್ನು ತಿರುಗಾಮುರುಗಾ ಮಾಡಿಕೊಂಡಿದ್ದೇವೆ. ನೊಂದವರನ್ನು ‘ಆಗಲೇ ಯಾಕೆ ಹೇಳಲಿಲ್ಲ’ ಎಂದು ಕೇಳುತ್ತೇವೆ. ನೋಡುತ್ತ ಕೂತವರು ಮಾತ್ರ ಕಾರ್ಯಕ್ರಮ ಮುಗಿದ ಮೇಲೆ ಕಾರಿಡಾರಿನಲ್ಲಿ ಬಂದು ‘ಅವನು ಹಾಗೆ ಅನ್ನಬಾರದಿತ್ತು’ ಎಂದರೆ ಸಾಕು, ಸಜ್ಜನರೆನಿಸಿಕೊಳ್ಳುತ್ತಾರೆ. ಕಾರಿಡಾರಿನ ಆ ಮಾತು ಸುಳ್ಳಲ್ಲ. ಆದರೆ ಅದು ಹೊರಡುವ ಹೊತ್ತಿಗೆ ನಗು ಸಭೆಯ ತುಂಬ ಪುಟಿದು, ಎಲ್ಲರ ಕೈ ದಾಟಿ, ಆ ಹುಡುಗಿಯ ಜೊತೆ ಊರಿಗೆ ಬಸ್ಸು ಹತ್ತಿರುತ್ತದೆ.

‘ಆ ಕ್ಷಣದಲ್ಲಿ ಏನೂ ತೋಚಲಿಲ್ಲ’ ಎನ್ನುವವರ ಮಾತೂ ನಿಜವೇ. ಕಣ್ಣಿಗೆ ಕಂಡದ್ದಕ್ಕೆ ಕೈ ಸ್ಪಂದಿಸಲು ಸೆಕೆಂಡಿನ ಐದನೇ ಒಂದು ಭಾಗದಷ್ಟಾದರೂ ಬೇಕು. ಚೆಂಡು ನೆಲ ಬಿಟ್ಟ ಮೇಲೆ ಯೋಚಿಸಿ ಹಾಫ್ ವಾಲಿ ಹೊಡೆಯಲು ಯಾರಿಗೂ ಸಾಧ್ಯವಿಲ್ಲ. ಮೈಕೆಲ್ ಲ್ಯಾಂಡ್ ಮತ್ತು ಪೀಟರ್ ಮೆಕ್ಲಿಯಾಡ್ 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬ್ಯಾಟ್ಸ್‌ಮನ್ನರ ಕಣ್ಣಿನ ಚಲನೆಯನ್ನು ಅಳೆದರು. ಬ್ಯಾಟ್ಸ್‌ಮನ್ ಚೆಂಡನ್ನು ದಾರಿಯುದ್ದಕ್ಕೂ ನೋಡುವುದಿಲ್ಲ. ಕೈ ಬಿಟ್ಟ ಚೆಂಡನ್ನು ಒಂದಿಷ್ಟು ನೋಡಿ, ಅದು ಬೀಳಬಹುದಾದ ಜಾಗಕ್ಕೆ ಕಣ್ಣನ್ನು ಮೊದಲೇ ಜಿಗಿಸಿ ಅಲ್ಲಿ ಕಾಯುತ್ತಾನೆ. ಒಳ್ಳೆಯ ಆಟಗಾರನ ಕಣ್ಣು ಇನ್ನೂ ಬೇಗ ಹೋಗಿರುತ್ತದೆ. ಅಂದರೆ ಕ್ಷಣದ ಉತ್ತರ ಆ ಕ್ಷಣದಲ್ಲಿ ಹುಟ್ಟಿದ್ದಲ್ಲ.

2003ರ ನವೆಂಬರ್ 22ರಂದು ಸಿಡ್ನಿಯಲ್ಲಿ ರಗ್ಬಿ ವಿಶ್ವಕಪ್ ಫೈನಲ್ಲಿನ ಹೆಚ್ಚುವರಿ ಸಮಯ ಮುಗಿಯಲು ಅರ್ಧ ನಿಮಿಷಕ್ಕೂ ಕಡಿಮೆ ಇತ್ತು. ಇಂಗ್ಲೆಂಡಿನ ಜಾನಿ ವಿಲ್ಕಿನ್ಸನ್ ಎಡಗಾಲಿನ ಆಟಗಾರ. ಚೆಂಡು ಕೈಗೆ ಬಂದಾಗ ಅವರು ಅದನ್ನು ನೆಲಕ್ಕೆ ಬಿಟ್ಟು ಬಲಗಾಲಿನಿಂದ ಒದ್ದರು. ಇಂಗ್ಲೆಂಡ್ ಆಸ್ಟ್ರೇಲಿಯವನ್ನು 20–17ರಿಂದ ಸೋಲಿಸಿತು. ಆ ಅರ್ಧ ನಿಮಿಷದಲ್ಲಿ ಯಾರೂ ತಮ್ಮ ಬಲಗಾಲನ್ನು ಪಳಗಿಸಿಕೊಳ್ಳಲಾರರು.

ಆ ಹುಡುಗಿಯ ಕೈಯಲ್ಲೂ ಪೆನ್ನು ಮೊದಲೇ ಇತ್ತು. ರಾಗಿ ಬೀಸುವ ಪದಗಳ ಬಗ್ಗೆ ಆಸಕ್ತಿ ಮೊದಲೇ ಇತ್ತು. ವೇದಿಕೆಯ ಮೇಲಿದ್ದವಳನ್ನು ಅವಳು ಕೇಳಿಸಿಕೊಳ್ಳುತ್ತಿದ್ದಳು, ಅದಕ್ಕೇ ಎರಡನೇ ಸಾಲು ತಪ್ಪಿಹೋದದ್ದು ಅವಳಿಗೆ ಗೊತ್ತಾಯಿತು. ಹಾಗಾಗಿ ಆ ಹೊತ್ತಿಗೆ ಏನು ಹೇಳಬೇಕೆಂದು ಕಂಠಪಾಠ ಮಾಡಿಕೊಳ್ಳುವುದರಿಂದ ಹೆಚ್ಚೇನೂ ಆಗದು ಎಂದು ನನಗನ್ನಿಸುತ್ತದೆ. ಒಂದು ಕೋಣೆಗೆ ಹೋದಾಗ ಇಲ್ಲಿ ಏನಾದರೂ ಬಿದ್ದರೆ ಯಾರ ಕಾಲ ಬುಡದಲ್ಲಿ ಬಿದ್ದೀತು ಎಂದು ನೋಡಿಟ್ಟುಕೊಳ್ಳಬೇಕು. ಸಾಧ್ಯವಾದರೆ ಅವರ ಹತ್ತಿರ ಕೂರಬೇಕು.